ಬಲಕ್ಕೆ ಹೊರಟ ಬಿಳಿ ಕುದುರೆ

ಭರಮಸಾಗರದ ಶಾಮಿಯಾನ ಎತ್ತಪ್ಪ ಸಾವಿಗೆ ಹೆದರುವ ಆಸಾಮಿಯೇ ಅಲ್ಲ, ಬೇರೆಯವರ ಸಾವಿಗೆ. ಸುತ್ತಮುತ್ತಲ ಹಳ್ಳಿಗಳಲ್ಲಿ ಯಾರ ಮನೆಯ ಹಿರಿಯರು ಕಣ್ಣು ಮುಚ್ಚಿದರೂ, ನೆಂಟರು ಬಸ್ಸಿಳಿಯುವ ಮೊದಲೇ ಆ ಮನೆಯ ಮುಂದೆ ಎತ್ತಪ್ಪನ ಕಬ್ಬಿಣದ ಕಂಬಗಳು ನಿಂತು, ಬಟ್ಟೆ ಬಿಗಿದುಕೊಂಡು, ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿ ಕಾಯುತ್ತಿದ್ದವು. "ಅಳೋರಿಗೆ ನೆರಳು ಬೇಕಪ್ಪ" ಅನ್ನುವುದು ಅವನ ವ್ಯಾಪಾರದ ಧರ್ಮ. ಅಂಥವನು ತನ್ನದೇ ತೊಡೆಸಂದಿಯಲ್ಲಿ, ಬಲಗಡೆ, ನಿಂಬೆಹಣ್ಣಿನಷ್ಟು ಗಂಟೊಂದು ಎದ್ದ ದಿನದಿಂದ ಊಟದ ತಟ್ಟೆ ಮುಂದಿಟ್ಟುಕೊಂಡು ಗೋಡೆ ನೋಡುತ್ತ ಕೂರತೊಡಗಿದ.

ಚಿತ್ರದುರ್ಗದ ಡಾಕ್ಟರು ಮೀನಾಕ್ಷಿ ಎರಡು ಬೆರಳಿನಿಂದ ಮುಟ್ಟಿ ನೋಡಿ, "ಹರ್ನಿಯಾ. ಭಾರ ಎತ್ತಿ ಎತ್ತಿ ಒಳಗಿನ ಪದರ ಸಡಿಲಾಗಿ ಕರುಳು ಜಾರಿದೆ. ಸಣ್ಣ ಆಪರೇಷನ್, ಮುಂದಿನ ಗುರುವಾರ ಮಾಡಿಬಿಡೋಣ. ಹಾಗೇ ಬಿಟ್ಟರೆ ಒಂದು ದಿನ ಕರುಳು ಸಿಕ್ಕಿಕೊಂಡು ಜೀವಕ್ಕೇ ಬರುತ್ತೆ" ಅಂದರು. ಇಷ್ಟು ಮಾತಿನಲ್ಲಿ ಎತ್ತಪ್ಪನ ಕಿವಿಯಲ್ಲಿ ಉಳಿದದ್ದು 'ಜೀವಕ್ಕೇ' ಒಂದೇ. ಅದಕ್ಕೆ ಮೊದಲು ಆಪರೇಷನ್ ಮಾಡಿಸಿದರೆ ಎಂದಿದ್ದರೋ ಬಿಟ್ಟರೆ ಎಂದಿದ್ದರೋ ಎನ್ನುವುದು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಕಲಸಿಹೋಗಿತ್ತು.

"ಬಿಟ್ರೆ ಅಂದ್ರು ಕಣ್ರಿ. ನಾನೂ ಅಲ್ಲೇ ಇದ್ದೆ. ಮಾಡಿಸ್ರಿ ಅತ್ಲಾಗೆ" ಅಂದಳು ಹೆಂಡತಿ ಏಕನಾಥಮ್ಮ.

ಆದರೆ ಹೆಂಡತಿ ಹೇಳಿದಳು ಅಂತ ಹೊಟ್ಟೆ ಕೊಯ್ಯಿಸಿಕೊಳ್ಳಲು ಆಗುತ್ತದೆಯೇ? ಆ ಮನೆಗೆ ಹೊಸ ಕುರ್ಚಿ ತರುವುದಕ್ಕೂ ಊರಮ್ಮನ ಅಪ್ಪಣೆ ಆಗಬೇಕು. ಅಮ್ಮನ ತಲೆಯ ಮೇಲೆ ಹೂವಿಟ್ಟು ಕೇಳಬೇಕು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಬಿದ್ದ ಹೂವನ್ನು ಟವೆಲಿನ ಚುಂಗಿನಲ್ಲಿ ಕಟ್ಟಿಕೊಂಡು ಬಂದು ದೇವರ ಗೂಡಿನಲ್ಲಿಡಬೇಕು. ಕೆಲಸ ಮುಗಿದ ಮೇಲೆ ಆ ಹೂವನ್ನು ಗುಡಿಗೆ ವಾಪಸು ಒಪ್ಪಿಸಬೇಕು. ಅಪ್ಪಣೆ ಮೀರಿದರೆ ಮನೆಯವರಿಗೇ ಕೇಡು. ಇದರಲ್ಲಿ ಎರಡು ಮಾತಿಲ್ಲ.

ಪೂಜಾರಿ ಕೆಂಚಣ್ಣ ಹೂವಿಟ್ಟ. ಮಂಗಳವಾರ ಶುಕ್ರವಾರ ಅವನು ಪೂಜಾರಿ, ಮಿಕ್ಕ ದಿನ ಎತ್ತಪ್ಪನ ಗೂಡ್ಸ್ ಆಟೋದ ಡ್ರೈವರು. ಆವತ್ತು ಶುಕ್ರವಾರ. ಎತ್ತಪ್ಪ ಕೈಮುಗಿದು ಕಣ್ಣು ಮುಚ್ಚುವುದರೊಳಗೆ ಹೂ ಪಟ್ಟಂತ ಬಲಕ್ಕೆ ಬಿತ್ತು.

"ಆತಲ್ಲ ಬಿಡಪ್ಪ. ಅಮ್ಮ ಕೊಟ್ಲು" ಅಂದ ಕೆಂಚಣ್ಣ.

"ಫ್ಯಾನ್ ತಿರುಗ್ತಿತ್ತಲ್ಲೋ ಕೆಂಚಣ್ಣ?" ಅಂತ ಹಿಂದಿನಿಂದ ಒಂದು ದನಿ ಬಂತು.

ಅದು ಪಕ್ಕದ ಮನೆಯ ತಿಪ್ಪೇರುದ್ರಪ್ಪನದು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದ ಮನುಷ್ಯ. ಯಾರ ಅರ್ಜಿಯಲ್ಲಾದರೂ ಒಂದು ಕೊರತೆ ಹುಡುಕದೆ ಮುಂದಕ್ಕೆ ಕಳಿಸಿದವನಲ್ಲ. ಈಗ ಅರ್ಜಿಗಳಿಲ್ಲದ್ದರಿಂದ ನೆರೆಹೊರೆಯವರ ಬದುಕನ್ನೇ ಪರಿಶೀಲಿಸುತ್ತಿದ್ದ. "ಗುಡಿಗೆ ಹೊಸ ಫ್ಯಾನ್ ಹಾಕ್ಸೀರಿ. ಗಾಳಿ ಬೀಸಿದ್ದು ಎಡದಿಂದ. ಹೂ ಬಿದ್ದಿದ್ದು ಬಲಕ್ಕೆ. ಇದು ಅಮ್ಮನ ಅಪ್ಪಣೆನೋ ಫ್ಯಾನಿನ ಅಪ್ಪಣೆನೋ? ನಾನಾಗಿದ್ರೆ ಇದನ್ನ ಪಾಸ್ ಮಾಡ್ತಿರ್ಲಿಲ್ಲಪ್ಪ."

ಫ್ಯಾನ್ ಆರಿಸಿ ಮತ್ತೆ ಹೂವಿಟ್ಟರು. ಕೂತರು. ಕಾದರು. ಅಮ್ಮ ಅಲುಗಲಿಲ್ಲ. "ಕೊಟ್ಟ ಮೇಲೆ ಮತ್ತೆ ಕೇಳಿದ್ರೆ ಮುನಿಸ್ಕಂತಾಳೆ. ನಾನೇನು ಮಾಡ್ಲಿ?" ಅಂತ ಕೆಂಚಣ್ಣ ಬಾಗಿಲು ಎಳೆದುಕೊಂಡ. ಹೆದರುವವನ ಮೇಲೆ ಕಪ್ಪೆ ಎಸೆದ ಹಾಗಾಯಿತು. ಹೋಗುವಾಗ ಗಂಟು ಒಂದೇ ಇತ್ತು, ಬರುವಾಗ ಅದರ ಜೊತೆಗೆ ಅಮ್ಮನ ಮುನಿಸು.

ಹೀಗಿರುವಾಗ ಎತ್ತಪ್ಪನಿಗೆ ಅಂಜಲಿಯ ನೆನಪಾಯಿತು. ಹೊಳಲ್ಕೆರೆ ಕಡೆಯ ಹುಡುಗಿ, ಬಿಕಾಂ ಓದಿ, ಚಿತ್ರದುರ್ಗದಲ್ಲಿ ಒಂದು ಬೇಕರಿಯ ಮೇಲಿನ ಕೋಣೆ ಹಿಡಿದು 'ಟ್ಯಾರೋ ಅಂಜಲಿ: ನಿಮ್ಮ ಪ್ರಶ್ನೆ, ಕಾರ್ಡಿನ ಉತ್ತರ' ಅಂತ ಬೋರ್ಡು ಹಾಕಿ, ಚಿತ್ರದ ಎಲೆ ತೆಗೆಸಿ ಭವಿಷ್ಯ ಹೇಳುತ್ತಿದ್ದಳು. ಅಂಗಡಿ ಶುರುವಾದ ದಿನ ಕುರ್ಚಿ ಒದಗಿಸಿದವನು ಇವನೇ. "ನೀವೂ ಒಂದ್ಸಲ ಬಂದು ಕಾರ್ಡ್ ತೆಗೆಸಿ ಅಂಕಲ್, ಫ್ರೀ" ಅಂದಿದ್ದಳು. ಕಾರ್ಡು ಹೂವಲ್ಲ, ಫ್ಯಾನಿಗೆ ಹಾರುವುದಿಲ್ಲ. ತಿಪ್ಪೇರುದ್ರಪ್ಪನೂ ತಪ್ಪು ಹುಡುಕಲಾರದ ಹೊಸ ಕಾಲದ ಅಪ್ಪಣೆ. ಊರಿನಲ್ಲಿ ಇನ್ನೂ ಯಾರೂ ಹೀಗೆ ಕೇಳಿಸಿಲ್ಲ ಅನ್ನುವುದೂ ಅವನಿಗೆ ಒಳಗೊಳಗೇ ಹಿತವಾಗಿತ್ತು.

ಸೋಮವಾರ ಸ್ನಾನ ಮಾಡಿ, ತೆಂಗಿನಕಾಯಿ, ಬಾಳೆಹಣ್ಣು, ಊದುಬತ್ತಿ ಹಿಡಿದು ಮೆಟ್ಟಿಲು ಹತ್ತಿದ. ಬೇಕರಿಯ ಬೆಣ್ಣೆ ಬಿಸ್ಕತ್ತಿನ ವಾಸನೆ ಜೊತೆಗೇ ಮೇಲೆ ಬಂತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಅಯ್ಯೋ ಅಂಕಲ್, ಇದೆಲ್ಲ ಬೇಡ. ಕುತ್ಕೊಳ್ಳಿ. ಮನಸ್ಸಲ್ಲಿ ಪ್ರಶ್ನೆ ಇಟ್ಕೊಂಡು ಒಂದು ಕಾರ್ಡ್ ತೆಗೀರಿ" ಅಂದಳು ಅಂಜಲಿ.

'ಆಪರೇಷನ್ ಮಾಡಿಸ್ಲೋ ಬ್ಯಾಡ್ವೋ?' ಎತ್ತಪ್ಪ ಒಂದು ಎಲೆ ಎಳೆದ. ಅಂಜಲಿ ತಿರುವಿಟ್ಟಳು.

ಬಿಳಿ ಕುದುರೆ. ಕುದುರೆಯ ಮೇಲೆ ಕಪ್ಪು ಉಕ್ಕಿನ ಅಂಗಿ ತೊಟ್ಟ ಎಲುಬಿನ ಗೂಡು. ಕೈಯಲ್ಲಿ ಕಪ್ಪು ಬಾವುಟ. ಕುದುರೆಯ ಕಾಲ ಕೆಳಗೆ ಕಿರೀಟ ಬಿದ್ದ ರಾಜ ಅಂಗಾತ ಮಲಗಿದ್ದ. ಹಳದಿ ಬಟ್ಟೆಯ ಸ್ವಾಮಿಗಳೊಬ್ಬರು ಕೈಜೋಡಿಸಿ ಬೇಡುತ್ತಿದ್ದರು. ಒಂದು ಮಗು. ಮುಖ ತಿರುಗಿಸಿಕೊಂಡು ಕುಸಿದ ಒಬ್ಬ ಹೆಂಗಸು.

ಅಂಜಲಿ ಅವನ ಮುಖ ನೋಡಿ ಗಾಬರಿಯಾದಳು. "ಹೆದರ್ಕೋಬೇಡಿ! ಇದರ ಹೆಸರು ಡೆತ್ ಅಷ್ಟೇ. ಅರ್ಥ ಸಾವು ಅಲ್ಲ, ಬದಲಾವಣೆ."

"ಅಂದ್ರೆ?"

"ಹಳೇದು ಹೋಗಿ ಹೊಸದು ಬರುತ್ತೆ."

"ಹಳೇದು ಅಂದ್ರೆ ನಾನೇ ಅಲ್ಲೇನವ್ವ?"

ಎತ್ತಪ್ಪ ಕಾರ್ಡಿನ ಮೇಲೆ ಬಗ್ಗಿ, ಗುಡಿಯಲ್ಲಿ ಕೇಳುವ ಹಾಗೆ ಪಿಸುಗುಟ್ಟಿದ: "ಎಡಕ್ಕೋ, ಬಲಕ್ಕೋ?"

"ಏನು ಅಂಕಲ್?"

"ಕುದುರೆ. ಯಾವ ಕಡೆ ಹೊಂಟೈತೆ?"

"ಬಲಕ್ಕೆ" ಅಂದಳು ಅವಳು, ಇದರಲ್ಲೇನು ಬಂತು ಅನ್ನುವ ಹಾಗೆ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಎದ್ದು ಕಿಟಕಿಯ ಹತ್ತಿರ ಹೋದಳು.

ಎತ್ತಪ್ಪನ ತಲೆಯೊಳಗೆ ಎಲ್ಲವೂ ಹೊಂದಿಕೊಂಡಿತು. ಹೊಂದಿಕೊಂಡಿದ್ದೇ ಅನಾಹುತ. ಬಲಕ್ಕೆ ಅಂದರೆ ಹೂಂ: ಆಪರೇಷನ್ ಮಾಡಿಸು. ಚಿತ್ರ ಅಂದರೆ ಫಲ: ಮಾಡಿಸಿಕೊಂಡು ಸಾಯಿ. ಬೇಡ ಎನ್ನುವ ಹಾಗಿಲ್ಲ, ಮೀರಿದರೆ ಕೇಡು ಏಕನಾಥಮ್ಮನಿಗೆ. ಮೂರು ಲೋಕದಲ್ಲಿ ಯಾವ ದೇವರೂ ಇಷ್ಟು ಸ್ಪಷ್ಟವಾಗಿ, ಇಷ್ಟು ನಿಷ್ಠುರವಾಗಿ ಹೇಳಿರಲಿಲ್ಲ. ಅವನು ನಿಟ್ಟುಸಿರು ಬಿಟ್ಟು, ಕಾರ್ಡನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಟವೆಲಿನ ಚುಂಗಿನಲ್ಲಿ ಭದ್ರವಾಗಿ ಗಂಟು ಹಾಕಿಕೊಂಡು, ತೆಂಗಿನಕಾಯಿ ಅಲ್ಲಿಟ್ಟು, ಕೆಳಗಿಳಿದ. ಇದು ಕಳವು ಅಂತ ಅವನಿಗೆ ಕನಸಿನಲ್ಲೂ ಹೊಳೆಯಲಿಲ್ಲ. ಕೊಟ್ಟ ಪ್ರಸಾದವನ್ನು ಗುಡಿಯಲ್ಲೇ ಮರೆತು ಬರುವವನು ಎಂಥ ಭಕ್ತ?

ಮಂಗಳವಾರ ಬೆಳಿಗ್ಗೆ ಏಕನಾಥಮ್ಮ ದೇವರ ಗೂಡಿಗೆ ದೀಪ ಹಚ್ಚಿ, ದಿನದ ರೂಢಿಯಂತೆ ಅಲ್ಲಿದ್ದವರಿಗೆಲ್ಲ ಸಾಲಾಗಿ ಕುಂಕುಮ ಇಡುತ್ತ ಬಂದು, ಕೊನೆಯವನಿಗೆ ಇಟ್ಟ ಮೇಲೆ ನೋಡಿದಳು. ಬುರುಡೆ ನಗುತ್ತಿತ್ತು.

"ರೀ! ಇದ್ಯಾವ ದೇವ್ರನ್ನ ತಂದು ಕೂರ್ಸೀರಿ?"

ಎತ್ತಪ್ಪ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ತನ್ನ ತಿಥಿಗೆ ತಾನೇ ಕರೆಯಲು ಬಂದವನ ಹಾಗೆ ತಗ್ಗಿತು. ಏಕನಾಥಮ್ಮ ಬೈಯಲು ಬಾಯಿ ತೆರೆದವಳು, ಕಾರ್ಡನ್ನು ಬೆಳಕಿಗೆ ಹಿಡಿದು ನಿಂತಳು.

"ಈ ಕೆಳಗೆ ಕುಂತೋಳು ಯಾರು?"

"ಹೆಂಡ್ತಿ ಇರ್ಬೇಕು."

"ಮುಖ ಯಾಕೆ ಅತ್ಲಾಗೆ ತಿರುಗ್ಸ್ಯಾಳೆ?"

ಏಕನಾಥಮ್ಮ ಕಾರ್ಡನ್ನು ಎಲ್ಲಿತ್ತೋ ಅಲ್ಲೇ ಇಟ್ಟು ಒಲೆಯ ಕಡೆ ಹೋದಳು. ಆವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು.

ತಿಪ್ಪೇರುದ್ರಪ್ಪ ಕಾರ್ಡನ್ನು ಕನ್ನಡಕ ಏರಿಸಿ, ಇಳಿಸಿ, ಹಿಂದುಮುಂದು ತಿರುಗಿಸಿ ಪರಿಶೀಲಿಸಿದ. ಬದುಕಿನಲ್ಲಿ ಮೊದಲ ಬಾರಿಗೆ ಅವನಿಗೆ ಒಂದು ದಾಖಲೆಯಲ್ಲಿ ತಪ್ಪು ಸಿಗಲಿಲ್ಲ. "ಎಲ್ಲಾ ಸರಿಯಾಗೈತಪ್ಪ" ಅಂತ ವಿಷಾದದಿಂದ ವಾಪಸು ಕೊಟ್ಟ. ಅದಕ್ಕಿಂತ ಭಯಂಕರವಾದ ತೀರ್ಪು ಎತ್ತಪ್ಪ ಕೇಳಿರಲಿಲ್ಲ.

ಮಧ್ಯಾಹ್ನದೊಳಗೆ ಊರಿಗೆ ಗೊತ್ತಾಯಿತು. ಜನ ಮಾತಾಡಿಸಲು ಬಂದರು. ಲೋಕ ಬಿಟ್ಟು ಹೋಗುವವರಿಗೆ ತಿನ್ನುವ ಆಸೆ ಉಳಿಯಬಾರದಲ್ಲ, ಒಬ್ಬರು ಹೋಳಿಗೆ ತಂದರು, ಒಬ್ಬರು ಚಕ್ಕುಲಿ ತಂದರು. ಎತ್ತಪ್ಪ ಹೆದರಿ ಹೆದರಿಯೇ ಎಲ್ಲವನ್ನೂ ತಿಂದ. ಕೆಂಚಣ್ಣ ಬಂದು ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ.

"ಅಣ್ಣಾ, ತಪ್ಪು ತಿಳ್ಕಬ್ಯಾಡ. ನಿಂದು ಅಂದ್ರೆ... ಆ ದಿನ... ಕಂಬ ನಮ್ಮವೇ ಹಾಕೋದೋ, ಬ್ಯಾರೆ ಕಡೆಯಿಂದ ತರ್ಸೋದೋ? ಸತ್ತೋರ ಸಾಮಾನು ಸತ್ತೋರಿಗೇ ಹಾಕಿದ್ರೆ ಸರಿ ಹೋಗ್ತೈತಾ ಅಂತ."

"ಲೇ ಕೆಂಚಾ, ನಾನಿನ್ನೂ ಇದೀನಿ ಕಣ್ಲೇ!"

"ಅದ್ಕೇ ಕೇಳ್ತಿರೋದು. ಆಮೇಲೆ ಯಾರನ್ನ ಕೇಳ್ಲಿ?"

ಸಂಜೆ ಫೋನು ಬಂತು. ಎತ್ತಪ್ಪನ ಬೆರಳು ತಪ್ಪಿ ಸ್ಪೀಕರ್ ಒತ್ತಿತು. ಜಗುಲಿಯ ಮೇಲಿದ್ದವರೆಲ್ಲ ಕೇಳಿಸಿಕೊಂಡರು. "ಅಂಕಲ್, ನಾನು ಅಂಜಲಿ. ಆ ಕಾರ್ಡು ನಿಮ್ಮ ಜೊತೆ ಬಂದಿದೆಯಾ? ಅದು ನಂಗೆ ವಾಪಸ್ ಬೇಕು. ನೀವು ಬರೋದು ಬೇಡ, ನಾಳೆ ಬೆಳಿಗ್ಗೆ ನಾನೇ ಬಂದು ತಗೊಂಡು ಹೋಗ್ತೀನಿ."

ತಿಪ್ಪೇರುದ್ರಪ್ಪ ಗಂಟಲು ಸರಿಮಾಡಿಕೊಂಡ.

"ಎತ್ತಪ್ಪಾ, ಪ್ರಸಾದ ವಾಪಸು ಒಪ್ಪಿಸೋದು ಯಾವಾಗ?"

"ಕೆಲ್ಸ ಮುಗಿದ ಮ್ಯಾಲೆ."

"ವಾಪಸು ಯಾವಾಗ ಕೇಳಿದ್ಲು?"

"ನಾಳೆ... ಬೆಳಿಗ್ಗೆ."

"ಅಲ್ಲಿಗೆ ನೀನೇ ಲೆಕ್ಕ ಹಾಕ್ಕ" ಅಂದ ತಿಪ್ಪೇರುದ್ರಪ್ಪ. "ಗುರುವಾರದ ತನಕ ಹೋಗೋದಿಲ್ಲ ಇದು."

ಬುಧವಾರ ಬೆಳಿಗ್ಗೆ ಎತ್ತಪ್ಪನ ಮನೆಯ ಮುಂದೆ ಯಾರೂ ಕರೆಯದೆ ಜನ ಸೇರಿತ್ತು. ಹೊಸದುರ್ಗದಿಂದ ಅಕ್ಕ ಈರಕ್ಕ ಮೊದಲ ಬಸ್ಸಿಗೇ ಬಂದಿದ್ದಳು. ಬಸ್‌ಸ್ಟ್ಯಾಂಡಿನಿಂದಲೇ ರಾಗ ತೆಗೆದು ಅಳುತ್ತ ಬಂದವಳು, ತಮ್ಮನೇ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತದ್ದು ಕಂಡು, ಅರ್ಧಕ್ಕೆ ನಿಲ್ಲಿಸಲಾಗದೆ ಆ ಸಾಲು ಮುಗಿಸಿಯೇ ಸುಮ್ಮನಾದಳು. ಏಕನಾಥಮ್ಮ ಎಲ್ಲರಿಗೂ ಕಾಫಿ ಕೊಡುತ್ತಿದ್ದಳು. ಕಾಫಿ ಕೊಡುವಾಗಲೂ ಒಂದು ಕಣ್ಣು ಗಂಡನ ಮೇಲೆ.

"ಬಂತು!" ಅಂದರು ಯಾರೋ.

ಚಿತ್ರದುರ್ಗದ ರಸ್ತೆಯ ಕಡೆಯಿಂದ ಬೀದಿಗೆ ಒಂದು ಬಿಳಿ ಸ್ಕೂಟಿ ತಿರುಗಿತು. ಮೇಲೆ ಕುಳಿತವಳು ಚಳಿಗೆ ಕಪ್ಪು ಜರ್ಕಿನ್ ತೊಟ್ಟಿದ್ದಳು, ಮುಖ ಮುಚ್ಚುವ ಕಪ್ಪು ಹೆಲ್ಮೆಟ್ ಹಾಕಿದ್ದಳು. ಕೊರಳಿನ ಕಪ್ಪು ವೇಲು ಬಾವುಟದ ಹಾಗೆ ಹಿಂದಕ್ಕೆ ಹಾರುತ್ತಿತ್ತು. ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಒಬ್ಬ ಮುದುಕ ಕೈಮುಗಿದೇಬಿಟ್ಟ. ಸ್ಕೂಟಿ ಎತ್ತಪ್ಪನ ಮನೆಯ ಮುಂದೆ ಬಂದು, ಎದುರಿಗೆ ನಿಂತು ನೋಡುತ್ತಿದ್ದವರ ಬಲಕ್ಕೆ ಒರಗಿ ನಿಂತಿತು.

ಎತ್ತಪ್ಪ ಓಡಿದ. ಅಡುಗೆಮನೆ ದಾಟಿ, ಹಿತ್ತಿಲು ದಾಟಿ, ಕಬ್ಬಿಣದ ಕಂಬಗಳ ರಾಶಿ ಏರಿ, ಕಾಂಪೌಂಡಿನ ಮೇಲೆ ಒಂದು ಕಾಲು ಹಾಕಿದ. ಸಾವಿನಿಂದ ತಪ್ಪಿಸಿಕೊಳ್ಳಲು ಮನುಷ್ಯ ಎಷ್ಟು ಎತ್ತರ ಹಾರಬಲ್ಲ ಎಂಬುದಕ್ಕೆ ಊರಿನಲ್ಲಿ ಅಂದೇ ಒಂದು ಅಳತೆ ಸಿಕ್ಕಿತು. ಇನ್ನೊಂದು ಕಾಲು ಎತ್ತುವಾಗ ತೊಡೆಸಂದಿಯೊಳಗೆ ಯಾರೋ ಹಿಡಿದು ತಿರುಚಿದ ಹಾಗಾಯಿತು. ಕೂಗಲೂ ಆಗದೆ ಕಂಬಗಳ ಮೇಲೆ ಜಾರಿ, ಮುದುಡಿಕೊಂಡು ಬಿದ್ದ. ನಿಂಬೆಹಣ್ಣು ಕಲ್ಲಾಗಿತ್ತು. ಮುಖ ಸುಣ್ಣವಾಗಿತ್ತು. ಮೈಯೆಲ್ಲ ಬೆವರು.

ಜನ ಹಿತ್ತಿಲ ಬಾಗಿಲಲ್ಲಿ ಒತ್ತಿ ನಿಂತು ನೋಡಿದರು. ಯಾರೂ ಮುಂದೆ ಬರಲಿಲ್ಲ; ಅಪ್ಪಣೆಯ ಕೆಲಸಕ್ಕೆ ಅಡ್ಡ ಹೋಗುವವರು ಯಾರು?

"ಹೊತ್ತು ಬಂತು" ಅಂದ ತಿಪ್ಪೇರುದ್ರಪ್ಪ.

"ನಿನ್ನ ಬಾಯಿಗೆ ಮಣ್ಣು ಹಾಕ!" ಅಂತ ಒಂದು ಕೂಗು ಬಂತು. ಇಷ್ಟು ವರ್ಷ ಆ ಬೀದಿ ಕೇಳಿರದ ದನಿ. ಏಕನಾಥಮ್ಮ ಜನರನ್ನು ತಳ್ಳಿಕೊಂಡು ಬಂದು ಗಂಡನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. "ಕೆಂಚಣ್ಣಾ, ಗಾಡಿ ತೆಗಿ! ಉಳಿದೋರು ನಿಂತ್ಕಂಡು ಏನ್ ನೋಡ್ತೀರಿ, ಕಾಲು ಹಿಡೀರಿ!"

ಹೆಲ್ಮೆಟ್ ತೆಗೆದ ಅಂಜಲಿ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದಳು. "ಆಂಟಿ, ನಾನು ಮುಂದೆ ಹೋಗಿ ದಾರಿ ಬಿಡಿಸ್ತೀನಿ" ಅಂದವಳೇ ಸ್ಕೂಟಿ ತಿರುಗಿಸಿದಳು.

ಹೀಗೆ ಎತ್ತಪ್ಪ ತನ್ನದೇ ಗೂಡ್ಸ್ ಆಟೋದಲ್ಲಿ, ತನ್ನದೇ ಶಾಮಿಯಾನದ ಸುರುಳಿಯ ಮೇಲೆ ಮಲಗಿ ಚಿತ್ರದುರ್ಗಕ್ಕೆ ಹೊರಟ. ತಲೆ ಏಕನಾಥಮ್ಮನ ಮಡಿಲಲ್ಲಿ, ಒಂದು ಪಕ್ಕ ಈರಕ್ಕ, ಒಂದು ಪಕ್ಕ ತಿಪ್ಪೇರುದ್ರಪ್ಪ. ಕಣ್ಣು ಬಿಟ್ಟಾಗೆಲ್ಲ ಮುಂದೆ ಹೆದ್ದಾರಿಯಲ್ಲಿ ಹಾರ್ನ್ ಬಾರಿಸುತ್ತ, ಲಾರಿಗಳನ್ನು ಅತ್ತಿತ್ತ ಸರಿಸುತ್ತ, ಆ ಬಿಳಿ ವಾಹನ, ಆ ಕಪ್ಪು ಬಾವುಟ.

"ಏಕಿ... ಅವಳು ಮುಂದೆ ಹೊಂಟಾಳೆ ಕಣೆ. ನಾನು ಹಿಂದೆ ಹೊಂಟೀನಿ."

"ಹ್ಞೂಂ. ಆಸ್ಪತ್ರೆಗೆ ಹೊಂಟಾಳೆ. ಸುಮ್ಕೆ ಮಲಿಕಳ್ರಿ."

"ನನ್ನ ಬಿಟ್ಟು ಹೋಗಬ್ಯಾಡ."

"ನಾನೆಲ್ಲಿಗೆ ಹೋಗ್ಲಿ?" ಅಂದಳು ಏಕನಾಥಮ್ಮ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಧೂಳು ಬಡಿದರೂ ಕಣ್ಣು ಅತ್ತ ತಿರುಗಿಸಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮುಟ್ಟಿ ನೋಡಿದವರೇ ನರ್ಸನ್ನು ಕೂಗಿದರು. "ಕರುಳು ಸಿಕ್ಕಿಕೊಂಡಿದೆ. ಈಗಲೇ ಒಳಗೆ ತಗೋಬೇಕು. ಒಪ್ಪಿಗೆಗೆ ಯಾರು ಸೈನ್ ಮಾಡ್ತೀರಿ?"

ತಿಪ್ಪೇರುದ್ರಪ್ಪ ಜೇಬು ತಡವಿಕೊಂಡ. ನೌಕರಿಯುದ್ದಕ್ಕೂ ಸಹಿ ಮಾಡಿಯೇ ಸವೆದ ಕೈ. "ಕನ್ನಡಕ ತಂದಿಲ್ಲ ಮೇಡಂ" ಅಂದ. ಕನ್ನಡಕ ಅವನ ಮೂಗಿನ ಮೇಲಿತ್ತು. ಈರಕ್ಕ ಸೆರಗು ಬಾಯಿಗಿಟ್ಟುಕೊಂಡು, "ಅಯ್ಯೋ, ನನ್ನ ಕೈಯಾರೆ ನನ್ನ ತಮ್ಮನ್ನ ನಾನು ಕಳಿಸ್ಲಾ?" ಅಂತ ಹಿಂದೆ ಸರಿದಳು. ಕೆಂಚಣ್ಣ ಇದ್ದಕ್ಕಿದ್ದಂತೆ ಗಾಡಿಯ ಬ್ರೇಕು ನೆನಪಾಗಿ ಹೊರಗೆ ಹೋದ.

ಏಕನಾಥಮ್ಮ ಪೆನ್ನು ತೆಗೆದುಕೊಂಡಳು. ಅವಳ ಹೆಸರು ಉದ್ದ. ಒಂದೊಂದೇ ಅಕ್ಷರ ಬರೆದಳು. ನಡುವೆ ಎಲ್ಲೂ ನಿಲ್ಲಿಸಲಿಲ್ಲ.

ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಅವಳು, ಪಕ್ಕದಲ್ಲಿ ಅಂಜಲಿ. ಏಕನಾಥಮ್ಮ ಸೆರಗಿನ ತುದಿ ಬಿಚ್ಚಿ, ಬೆಳಿಗ್ಗೆಯೇ ಕಟ್ಟಿಕೊಂಡಿದ್ದ ಕಾರ್ಡು ಕೊಟ್ಟಳು. ಬುರುಡೆಯ ಹಣೆಯ ಮೇಲೆ ಕುಂಕುಮ ಹಾಗೇ ಇತ್ತು.

"ಆಂಟಿ, ನಿಜವಾಗ್ಲೂ ಇದರ ಅರ್ಥ ಸಾವಲ್ಲ" ಅಂದಳು ಅಂಜಲಿ, ಅಳು ತಡೆದುಕೊಂಡು.

"ಇರ್ಲಿ ಬಿಡವ್ವ. ಕಾಫಿ ಕುಡಿದ್ಯಾ?"

ಒಳಗಿನಿಂದ ಯಾರಾದರೂ ಬಂದಾಗೆಲ್ಲ ಏಕನಾಥಮ್ಮ ಎದ್ದು ನಿಲ್ಲುತ್ತಿದ್ದಳು, ಅವರು ಬೇರೆ ಕಡೆ ಹೋದರೆ ಕೂರುತ್ತಿದ್ದಳು.

ಎತ್ತಪ್ಪ ಕಣ್ಣು ಬಿಟ್ಟಾಗ ವಾರ್ಡಿನಲ್ಲಿ ಬಿಸಿಲಿತ್ತು. ಸುತ್ತ ಎಲ್ಲ ಬಿಳಿ. ತಾನು ಹೋಗಿಯೇಬಿಟ್ಟಿದ್ದೇನೆ ಅಂತ ಅವನಿಗೆ ಖಾತ್ರಿಯಾಯಿತು. ಅಷ್ಟರಲ್ಲಿ ಕಿಟಕಿಯ ಹೊರಗೆ ತಿಪ್ಪೇರುದ್ರಪ್ಪನ ದನಿ ಕೇಳಿಸಿತು: "ಮೊದಲಿಂದ ನಾನು ಹೇಳ್ತಾನೇ ಇದ್ದೆ, ಆಪರೇಷನ್ ಮಾಡ್ಸು ಅಂತ." ಭೂಮಿಯ ಮೇಲೇ ಇದ್ದೇನೆ ಅನ್ನುವುದಕ್ಕೆ ಬೇರೆ ಪುರಾವೆ ಬೇಕಾಗಲಿಲ್ಲ.

ಡಾಕ್ಟರು ಬಂದರು. "ಏನ್ರಿ ಎತ್ತಪ್ಪ, ಇನ್ನು ಸ್ವಲ್ಪ ತಡ ಮಾಡಿದ್ದರೆ ಕರುಳೇ ಕೊಯ್ಯಬೇಕಾಗ್ತಿತ್ತು. ಈಗ ಚೆನ್ನಾಗಿದ್ದೀರಿ." ಚೀಟಿಯಲ್ಲಿ ಏನೋ ಬರೆದುಕೊಂಡು, ಹೋಗುವವರು ತಿರುಗಿದರು. "ಹಾಂ, ಎಡಗಡೆಯೂ ಒಂದು ಶುರುವಾಗಿದೆ. ಸಣ್ಣದು. ಈ ಗಡಿಬಿಡಿಯಲ್ಲಿ ಅದನ್ನು ಮುಟ್ಟಲಿಲ್ಲ. ಸುಧಾರಿಸಿಕೊಂಡ ಮೇಲೆ ಅದನ್ನೂ ಮಾಡಿಸಿಬಿಡಿ. ನಿಧಾನವಾಗಿ ಯೋಚನೆ ಮಾಡಿ ಹೇಳಿ."

ಎತ್ತಪ್ಪನ ಕಣ್ಣು ದೊಡ್ಡವಾದವು. ತುಟಿ ಅಲುಗಿದವು. ಯಾರನ್ನು ಕೇಳುವುದು, ಎಲ್ಲಿ ಕೇಳುವುದು ಅಂತ ಅವನ ಮನಸ್ಸು ಆಗಲೇ ಹೊರಟಾಗಿತ್ತು.

"ಯೋಚ್ನೆ ಆಗೈತೆ ಡಾಕ್ಟ್ರೇ" ಅಂದಳು ಏಕನಾಥಮ್ಮ. "ದಿನ ಹೇಳ್ರಿ. ಇವರನ್ನ ಕೇಳಬ್ಯಾಡ್ರಿ."

ದನಿ ಕಲ್ಲಿನ ಹಾಗಿತ್ತು. ಎತ್ತಪ್ಪ ಅವಳ ಮುಖ ನೋಡಿದ. ಅದೂ ಕಲ್ಲಿನ ಹಾಗೇ ಇತ್ತು. ಆದರೆ ಹೊದಿಕೆಯ ಕೆಳಗೆ ಅವಳು ಅವನ ಮುಂಗೈ ಹಿಡಿದಿದ್ದಳು. ಆ ಕೈ ಎಷ್ಟು ನಡುಗುತ್ತಿತ್ತೆಂದರೆ, ಕಬ್ಬಿಣದ ಮಂಚ ಗೋಡೆಗೆ ಸಣ್ಣಗೆ ಬಡಿಯುತ್ತಿತ್ತು. ಯಾರೋ ಬಾಗಿಲು ತಟ್ಟುತ್ತಿದ್ದಾರೆಂದು ನರ್ಸು ಹೋಗಿ ತೆರೆದು ನೋಡಿ ಬಂದಳು.